ಹಳೆಯ ಬಸ್ಸಿನ ಮನೆ ಮತ್ತು ಗೋಡೆಯೊಳಗಿನ ತೇವ: ಬೆಳಗಾವಿಯ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ವಿಷಯ ಒಂದು ಹಳೆಯ ಕಾಲೇಜು ಬಸ್ಸು. ಬೆಳಗಾವಿಯ ಗ್ಯಾರೇಜೊಂದರಲ್ಲಿ ಅದನ್ನು ಇಬ್ಬರು ವಾಸಿಸುವ ಮನೆಯಾಗಿ ಮಾರ್ಪಡಿಸಲಾಯಿತು. ಆದರೆ ಆ ಮನೆ ಚಳಿಗಾಲ ಕಳೆಯಬೇಕಾಗಿದ್ದದ್ದು ಬೆಳಗಾವಿಯಲ್ಲಲ್ಲ. ಹಿಮಾಚಲ ಪ್ರದೇಶದ ಮನಾಲಿಯ ಸಮೀಪ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿ. ಬಸ್ಸಿನ ಮಾಲೀಕರು ಬೆಳಗಾವಿ ತಾಲೂಕಿನವರು, ಸೈನ್ಯದ ವಾಹನ ದುರಸ್ತಿ ವಿಭಾಗದಿಂದ ನಿವೃತ್ತರಾದವರು. ಅವರ ಪತ್ನಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಮಗಳ ನೌಕರಿ ಕುಲ್ಲು ಕಣಿವೆಯಲ್ಲಿದ್ದುದರಿಂದ ನವೆಂಬರಿನಿಂದ ಮಾರ್ಚಿಯವರೆಗೆ ಅವಳ ಹತ್ತಿರವಿರಬೇಕು, ಆದರೆ ಅವಳ ಎರಡು ಕೋಣೆಯ ಬಾಡಿಗೆ ಮನೆಗೆ ಭಾರವಾಗಬಾರದು ಎಂಬುದು ಇಬ್ಬರ ಆಸೆಯಾಗಿತ್ತು. ಉಳಿದ ತಿಂಗಳುಗಳಲ್ಲಿ ಬಸ್ಸು ಅವರ ಹೊಲದ ಶೆಡ್ಡಿನಲ್ಲಿ ನಿಲ್ಲುತ್ತದೆ. ಶಾಖದ ಲೆಕ್ಕ ಮಾಡಿಕೊಡಲು ಮತ್ತು ಕೆಲಸ ಮುಗಿದ ಮೇಲೆ ಪರೀಕ್ಷಿಸಲು ಅವರು ನನ್ನನ್ನು ಕರೆದಿದ್ದರು. ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಇದನ್ನು ಬರೆಯುತ್ತಿದ್ದೇನೆ.

ಬಸ್ಸನ್ನು ನೋಡಲು ಬಂದವರೆಲ್ಲ ಕೇಳಿದ ಪ್ರಶ್ನೆ ಒಂದೇ: ಅಷ್ಟು ಚಳಿಯಲ್ಲಿ ಒಳಗೆ ಬೆಚ್ಚಗೆ ಇಡುವುದು ಹೇಗೆ? ನನ್ನ ಅನುಭವದಲ್ಲಿ ಇದು ಎರಡನೆಯ ಪ್ರಶ್ನೆ. ಇಂಧನ ಸುಟ್ಟರೆ ಯಾವ ಡಬ್ಬಿಯಾದರೂ ಬೆಚ್ಚಗಾಗುತ್ತದೆ. ಮನುಷ್ಯರು ಉಸಿರಾಡುವ, ಅಡುಗೆ ಮಾಡುವ, ಸ್ನಾನ ಮಾಡುವ ಉಕ್ಕಿನ ಡಬ್ಬಿಯೊಳಗೆ ಗಾಳಿಯಲ್ಲಿ ಸೇರಿದ ನೀರು ಕೊನೆಗೆ ಎಲ್ಲಿ ಹೋಗಿ ಕೂಡುತ್ತದೆ ಎಂಬುದೇ ಮೊದಲನೆಯ ಪ್ರಶ್ನೆ, ಮತ್ತು ಆ ಮನೆ ಮೂರು ವರ್ಷ ಬಾಳುತ್ತದೆಯೋ ಇಪ್ಪತ್ತು ವರ್ಷ ಬಾಳುತ್ತದೆಯೋ ಎಂಬುದನ್ನು ನಿರ್ಧರಿಸುವುದೂ ಅದೇ.

ಬಸ್ಸಿನ ಆಯ್ಕೆ ಮತ್ತು ಕಾಗದಪತ್ರ

ಮೊದಲು ಅವರು ಯೋಚಿಸಿದ್ದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಹಳೆಯ ಬಸ್ಸೊಂದನ್ನು ಹರಾಜಿನಲ್ಲಿ ಕೊಳ್ಳುವುದನ್ನು. ಆದರೆ ಅದು ಆಗುವ ಮಾತಲ್ಲ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವುದಿಲ್ಲ, ಸಾರಿಗೆ ಸಂಸ್ಥೆಗಳ ಬಸ್ಸುಗಳಿಗೂ ಇದು ಅನ್ವಯಿಸುತ್ತದೆ. ಅಂಥ ಬಸ್ಸುಗಳು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಹೀಗಾಗಿ ಅವರು ಕಾಲೇಜೊಂದು ಮಾರಾಟಕ್ಕಿಟ್ಟಿದ್ದ, ಕಡಿಮೆ ಓಡಿದ್ದ, ಮುಂಭಾಗದಲ್ಲಿ ಎಂಜಿನ್ ಇರುವ ಬಸ್ಸನ್ನು ಕೊಂಡರು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಆದ್ದರಿಂದ ಸೀಟುಗಳ ಬೋಲ್ಟು ಬಿಚ್ಚುವ ಮೊದಲೇ ನಕ್ಷೆಯೊಂದಿಗೆ ಪ್ರಾದೇಶಿಕ ಸಾರಿಗೆ ಕಚೇರಿಗೆ ಹೋಗಿ, ಯಾವ ಬದಲಾವಣೆಗೆ ಅನುಮತಿ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂಬುದನ್ನು ಲಿಖಿತವಾಗಿ ತಿಳಿದುಕೊಳ್ಳಬೇಕು. ಇವರು ಹಾಗೆಯೇ ಮಾಡಿದರು. ವಾಸದ ವಾಹನಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ನಕ್ಷೆ ಬರೆಯುವವರು ಅದನ್ನು ಎದುರಿಗಿಟ್ಟುಕೊಂಡೇ ಬರೆಯಬೇಕು. ವಿಮಾ ಕಂಪನಿಗೆ ಬದಲಾವಣೆಯನ್ನು ತಿಳಿಸದಿದ್ದರೆ ಅಪಘಾತದ ದಿನ ಪಾಲಿಸಿ ಇದ್ದೂ ಇಲ್ಲದಂತಾದೀತು. ಬಸ್ಸನ್ನು ಮತ್ತೆಂದೂ ಓಡಿಸದೆ ಜಮೀನಿನಲ್ಲಿಯೇ ಮನೆ ಮಾಡಿಕೊಳ್ಳುವವರ ದಾರಿ ಬೇರೆ: ಅವರು ಅದೇ ಕಾಯ್ದೆಯ 55ನೇ ಕಲಮಿನಡಿ ನೋಂದಣಿಯನ್ನು ರದ್ದು ಮಾಡಿಸಿಕೊಳ್ಳಬೇಕು.

ಭಾರದ ವಿಷಯದಲ್ಲಿ ಬಸ್ಸು ಉದಾರವಾದ ವಾಹನ. ನಲವತ್ತು ಜನರನ್ನು ಹೊರುತ್ತಿದ್ದ ಚಾಸಿಗೆ ಎರಡೂವರೆ ಟನ್ನಿನ ಸಾಮಾನು ಹೊಸ ಹೊರೆಯಲ್ಲ. ಆದರೆ ನೀರಿನ ಟ್ಯಾಂಕು, ಬ್ಯಾಟರಿ, ಅಡುಗೆಕಟ್ಟೆ ಒಂದೇ ಪಕ್ಕಕ್ಕೆ ಬಂದರೆ ಗಾಡಿ ವಾಲುತ್ತದೆ. ಮಾಲೀಕರು ಟ್ಯಾಂಕನ್ನು ಹಿಂದಿನ ಆಕ್ಸಲಿನ ಮೇಲೆಯೇ ಅಡ್ಡಲಾಗಿ ಕೂರಿಸಿದರು.

ಶಾಖದ ಲೆಕ್ಕ

ಮುಂಭಾಗದಲ್ಲಿ ಎಂಜಿನ್ ಇರುವ ಬಸ್ಸಿನಲ್ಲಿ ಎಂಜಿನಿನ ಬಾನೆಟ್ಟು ಚಾಲಕನ ಪಕ್ಕದಲ್ಲಿ, ಅಂದರೆ ಕೋಣೆಯ ಒಳಗೇ ಇರುತ್ತದೆ. ಅದರ ಅಂಚಿನಿಂದ ತಣ್ಣನೆಯ ಗಾಳಿಯೂ ಬರುತ್ತದೆ, ಡೀಸೆಲ್ ಹೊಗೆಯೂ ಬರುತ್ತದೆ. ದೊಡ್ಡ ಗಾಜಿಗೆ ಉಷ್ಣ ನಿರೋಧಕ ಹಚ್ಚುವುದು ಸಾಧ್ಯವಿಲ್ಲ. ಚಾಲಕನ ಭಾಗವನ್ನು ಮನೆಗೆ ಸೇರಿಸಿಕೊಂಡರೆ ಜಾಗ ದೊಡ್ಡದಾಗಿ ಕಾಣುತ್ತದೆ, ಗೃಹಿಣಿಗೆ ಬೆಳಕೂ ಸಿಗುತ್ತದೆ ಎಂದು ಗ್ಯಾರೇಜಿನವರು ವಾದಿಸಿದರು. ನಾನು ಒಪ್ಪಲಿಲ್ಲ. ಚಾಲಕನ ಸೀಟಿನ ಹಿಂದೆ ಗೋಡೆ ಎಬ್ಬಿಸಿ ಬಾಗಿಲು ಕೂರಿಸಲಾಯಿತು. ವಾಸಕ್ಕೆ ಉಳಿದದ್ದು ಸುಮಾರು ಏಳೂವರೆ ಮೀಟರ್ ಉದ್ದ, 2.3 ಮೀಟರ್ ಅಗಲ, 1.85 ಮೀಟರ್ ಎತ್ತರ. ನೆಲ, ಛಾವಣಿ, ಗೋಡೆ ಎಲ್ಲ ಕೂಡಿ ಹೊರಮೈ 71 ಚದರ ಮೀಟರ್ ಆಗುತ್ತದೆ.

ಹೊರಗೆ ಶೂನ್ಯಕ್ಕಿಂತ 10 ಡಿಗ್ರಿ ಕೆಳಗೆ, ಒಳಗೆ 18 ಡಿಗ್ರಿ ಎಂದು ಹಿಡಿದು ಲೆಕ್ಕ ಹಾಕಿದೆವು; ವ್ಯತ್ಯಾಸ 28 ಡಿಗ್ರಿ. ಬರಿಯ ಪತ್ರಾ (ಉಕ್ಕಿನ ತಗಡು) ಮತ್ತು ಒಂಟಿ ಗಾಜಿನ ಗೋಡೆ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಆರು ವ್ಯಾಟಿನ ಸಮೀಪ ಶಾಖ ಬಿಟ್ಟುಕೊಡುತ್ತದೆ. ಏನೂ ಮಾಡದೆ ಬಿಟ್ಟರೆ ಆ ಚಳಿಯಲ್ಲಿ ಹನ್ನೊಂದೂವರೆ ಕಿಲೋವ್ಯಾಟ್ ಹೀಟರನ್ನು ಬಿಡುವಿಲ್ಲದೆ ಉರಿಸಬೇಕಾಗುತ್ತಿತ್ತು. ಅದೇ ಗೋಡೆಗೆ 50 ಮಿಲಿಮೀಟರ್ ಪಾಲಿಯುರೆಥೇನ್ ಫೋಮ್ ತುಂಬಿ, ಕಿಟಕಿಗಳನ್ನು ಮೂರು ಚದರ ಮೀಟರಿಗೆ ಇಳಿಸಿ, ಜೋಡಿ ಗಾಜು ಹಾಕಿದರೆ ಸಿದ್ಧಾಂತದ ಪ್ರಕಾರ 1.4 ಕಿಲೋವ್ಯಾಟ್ ಸಾಕು. ಸಿದ್ಧಾಂತದ ಈ ಅಂಕಿಯನ್ನು ನಂಬಿ ಹೀಟರ್ ಕೊಳ್ಳುವವರು ಮೋಸಹೋಗುತ್ತಾರೆ, ಏಕೆಂದರೆ ಬಸ್ಸಿನ ಗೋಡೆಯಲ್ಲಿ ಅಡಿಗೊಂದರಂತೆ ಉಕ್ಕಿನ ಚೌಕಟ್ಟು ಪೈಪುಗಳಿವೆ, ಮತ್ತು ಉಕ್ಕು ಆ ಫೋಮಿಗಿಂತ ಸುಮಾರು 2,000 ಪಟ್ಟು ಸರಾಗವಾಗಿ ಶಾಖವನ್ನು ಹೊರಗೆ ದಾಟಿಸುತ್ತದೆ. ಪೈಪುಗಳ ನಡುವೆ ಎಷ್ಟೇ ದಪ್ಪ ತುಂಬಿದರೂ ಒಳಗಿನ ಪ್ಲೈವುಡ್ಡನ್ನು ನೇರವಾಗಿ ಪೈಪಿಗೇ ಸ್ಕ್ರೂ ಮಾಡಿದರೆ ನಷ್ಟ ಹೆಚ್ಚುಕಡಿಮೆ ಇಮ್ಮಡಿಯಾಗಬಹುದು. ಚೌಕಟ್ಟಿನ ನಷ್ಟವನ್ನೂ ಸೇರಿಸಿದಾಗ ನಮ್ಮ ಅಂದಾಜು 2.1 ಕಿಲೋವ್ಯಾಟಿಗೆ ಬಂತು.

ನೀರಿನ ಲೆಕ್ಕ

ಇಬ್ಬರು ವಯಸ್ಕರು ಉಸಿರು ಮತ್ತು ಬೆವರಿನ ಮೂಲಕ ದಿನಕ್ಕೆ ಎರಡು ಲೀಟರಿನಷ್ಟು ನೀರನ್ನು ಗಾಳಿಗೆ ಸೇರಿಸುತ್ತಾರೆ. ಅಡುಗೆ ಅನಿಲದ ಪಾಲು ಹಲವರಿಗೆ ತಿಳಿದಿಲ್ಲ: ಒಂದು ಕಿಲೋ ಅನಿಲ ಉರಿದಾಗ ಸುಮಾರು 1.6 ಕಿಲೋ ನೀರು ಹುಟ್ಟುತ್ತದೆ. ಮನೆಬಳಕೆಯ 14.2 ಕಿಲೋದ ಒಂದು ಸಿಲಿಂಡರು ಖಾಲಿಯಾಗುವ ಹೊತ್ತಿಗೆ ಇಪ್ಪತ್ತೆರಡು ಲೀಟರಿಗೂ ಮೀರಿದ ನೀರು ಆವಿಯಾಗಿ ಕೋಣೆಯಲ್ಲಿ ಸೇರಿರುತ್ತದೆ. ಇದರ ಮೇಲೆ ನಮ್ಮ ಭಾಗದ ಅಡುಗೆ. ಜೋಳದ ರೊಟ್ಟಿಗೆ ಎಸರು ಕಾಯಿಸಬೇಕು, ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ದೊಡ್ಡ ಉರಿ ಬಹಳ ಹೊತ್ತು ಬೇಕು. ಮಣ್ಣಿನ ಗೋಡೆಯ, ಮೇಲ್ಮುದ್ದೆಯ ಹಳೆಯ ಮನೆಗಳಲ್ಲಿ ಈ ಆವಿಯನ್ನು ಗೋಡೆ ಹೀರಿಕೊಂಡು ಬಿಸಿಲಿನಲ್ಲಿ ಮೆಲ್ಲಗೆ ಬಿಟ್ಟುಕೊಡುತ್ತಿತ್ತು, ಬೆಳಕಿಂಡಿಯೂ ಇರುತ್ತಿತ್ತು. ಪತ್ರಾ ಒಂದು ಹನಿಯನ್ನೂ ಹೀರುವುದಿಲ್ಲ.

20 ಡಿಗ್ರಿ ಉಷ್ಣತೆಯ, ಶೇಕಡಾ 60ರಷ್ಟು ಸಾಪೇಕ್ಷ ಆರ್ದ್ರತೆಯ ಗಾಳಿ 12 ಡಿಗ್ರಿಯ ಮೇಲ್ಮೈಯನ್ನು ಮುಟ್ಟಿದರೆ ಅಲ್ಲಿ ನೀರು ಕಟ್ಟುತ್ತದೆ. ಅದೇ ಆ ಗಾಳಿಯ ಇಬ್ಬನಿ ಬಿಂದು. ಹೊರಗೆ ಹಿಮವಿರುವಾಗ ನಿರೋಧಕದ ಹಿಂದಿನ ಪತ್ರಾ ಶೂನ್ಯದ ಆಸುಪಾಸಿನಲ್ಲಿರುತ್ತದೆ. ಪ್ಲೈವುಡ್ಡಿನ ಸಂದಿಯಿಂದ ಒಳಗಿನ ಗಾಳಿ ಅಲ್ಲಿಗೆ ತಲುಪಿದರೆ, ಯಾರ ಕಣ್ಣಿಗೂ ಬೀಳದಂತೆ, ದಿನವೂ ಅಲ್ಲಿ ನೀರು ಕೂಡುತ್ತ ಹೋಗುತ್ತದೆ. ಗ್ಯಾರೇಜಿನ ಹಿರಿಯ ಮಿಸ್ತ್ರಿಗೆ ಈ ಲೆಕ್ಕ ಯಾವುದೂ ಬೇಕಾಗಲಿಲ್ಲ. ಹಳೆಯ ರೆಕ್ಸಿನ್ ಕಿತ್ತು, ಕಿಟಕಿಯ ಕೆಳಗಿನ ತುಕ್ಕನ್ನು ತೋರಿಸಿ, “ಮ್ಯಾಲಿಂದ ಮಳಿ ನೀರು ಬಂದದ್ದಲ್ರೀ ಸರ ಇದು, ಪತ್ರಾ ಒಳಗಿಂದ ಬೆವರತೈತ್ರೀ” ಎಂದರು. ವಿದ್ಯಾರ್ಥಿಗಳು ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದ ಬೆಳಗಾವಿಯ ಮಳೆಗಾಲವೇ ಆ ತುಕ್ಕಿಗೆ ಸಾಕಾಗಿತ್ತೆಂದರೆ ಹಿಮಾಚಲದ ಚಳಿಗಾಲ ಏನು ಮಾಡಬಹುದು ಎಂಬುದು ಎಲ್ಲರಿಗೂ ಆಗಲೇ ಅರ್ಥವಾಯಿತು.

ಯಾವ ನಿರೋಧಕ, ಯಾವ ಕಡೆಗೆ

ಉಷ್ಣ ನಿರೋಧಕದ ಕೆಲಸ ಬಲ್ಲವರು ನಮ್ಮ ಭಾಗದಲ್ಲಿಯೇ ಇದ್ದಾರೆ. ವಿಜಯಪುರ ಜಿಲ್ಲೆಯಲ್ಲಿ ಮತ್ತು ಅಥಣಿಯ ಕಡೆ ದ್ರಾಕ್ಷಿ ಬೆಳೆದು ಒಣಗಿಸುವವರ ಮಣೂಕವನ್ನು ಇಡಲು ಕೋಲ್ಡ್ ಸ್ಟೋರೇಜುಗಳಿವೆ, ಅವುಗಳ ಗೋಡೆಗೆ ಪಾಲಿಯುರೆಥೇನ್ ಫೋಮ್ ಹಾಕುವ ಗುತ್ತಿಗೆದಾರರಿದ್ದಾರೆ. ಆ ವ್ಯವಹಾರದಲ್ಲಿ ಅದನ್ನು ‘ಪಫ್’ ಎನ್ನುತ್ತಾರೆ. ಅಂಥವರಲ್ಲಿ ಒಬ್ಬರನ್ನು ಕರೆಸಲಾಯಿತು. ಅವರ ಕೈಯ ಕೆಲಸ ಚೊಕ್ಕಟವಾಗಿತ್ತು, ಆದರೆ ಅವರ ಮೊದಲ ಪ್ರಸ್ತಾಪವನ್ನು ನಾವು ತಿದ್ದಬೇಕಾಯಿತು, ಮತ್ತು ಈ ಪ್ರಕರಣದಲ್ಲಿ ನಾನು ಎಲ್ಲಕ್ಕಿಂತ ಮಹತ್ವದ್ದೆಂದು ತಿಳಿಯುವ ಅಂಶ ಇದೇ.

ಕೋಲ್ಡ್ ಸ್ಟೋರೇಜಿನಲ್ಲಿ ಒಳಗೆ ತಂಪು, ಹೊರಗೆ ಸೆಕೆ. ಆವಿ ಬಿಸಿ ಕಡೆಯಿಂದ ತಂಪಿನ ಕಡೆಗೆ, ಅಂದರೆ ಹೊರಗಿನಿಂದ ಒಳಕ್ಕೆ ನುಗ್ಗುತ್ತದೆ. ಆದ್ದರಿಂದ ಆವಿಯನ್ನು ತಡೆಯುವ ಹಾಳೆಯನ್ನು ಅಲ್ಲಿ ನಿರೋಧಕದ ಹೊರಮಗ್ಗುಲಿಗೆ ಹಾಕುವುದು ರೂಢಿ, ಅದು ಸರಿಯೂ ಹೌದು. ಹಿಮದಲ್ಲಿ ನಿಂತ ಬಸ್ಸಿನಲ್ಲಿ ದಿಕ್ಕು ತಿರುಗುಮುರುಗು: ಆವಿ ಒಳಗಿನಿಂದ ಹೊರಕ್ಕೆ ಹೋಗುತ್ತದೆ, ತಡೆ ಒಳಮಗ್ಗುಲಿಗೆ ಬೇಕು. ಗುತ್ತಿಗೆದಾರರು ರೂಢಿಯಂತೆ ಪತ್ರಾಕ್ಕೆ ಮೊದಲು ಹಾಳೆ ಅಂಟಿಸಿ, ಅದರ ಮೇಲೆ ಥರ್ಮಾಕೋಲ್ ಹಲಗೆಗಳನ್ನು ಜೋಡಿಸುವುದಾಗಿ ಹೇಳಿದ್ದರು. ಹಲಗೆಗಳ ಸಂದಿಯಿಂದ ನುಗ್ಗಿದ ಆವಿ ಆ ತಣ್ಣನೆಯ ಹಾಳೆಯ ಮೇಲೆಯೇ ನೀರಾಗಿ, ಕೆಳಗಿನ ಚೌಕಟ್ಟಿನಲ್ಲಿ ನಿಲ್ಲುತ್ತಿತ್ತು. ಹಾಗಾದರೆ ಹಾಳೆಯನ್ನು ಒಳಮಗ್ಗುಲಿಗೆ ಹಾಕಿದರೆ ಮುಗಿಯಿತೇ ಎಂದರೆ, ಅದೂ ಪೂರ್ತಿ ಉತ್ತರವಲ್ಲ. ಶೆಡ್ಡಿನಲ್ಲಿದ್ದರೂ ಈ ಬಸ್ಸು ಜೂನಿನಿಂದ ಸೆಪ್ಟೆಂಬರಿನವರೆಗೆ ಬೆಳಗಾವಿಯ ಮಳೆಗಾಲದ ತೇವದ ಗಾಳಿಯಲ್ಲಿರುತ್ತದೆ, ಮೇ ತಿಂಗಳ ಸೆಕೆಯಲ್ಲಿ ಕಾಯುತ್ತದೆ. ವರ್ಷದಲ್ಲಿ ಆವಿಯ ದಿಕ್ಕು ಬದಲಾಗುತ್ತಲೇ ಇರುತ್ತದೆ.

ಎರಡೂ ದಿಕ್ಕಿಗೆ ಒಪ್ಪುವ ಉಪಾಯವೆಂದರೆ ಪತ್ರಾ ಮತ್ತು ನಿರೋಧಕದ ನಡುವೆ ಗಾಳಿಗೆ ಜಾಗವನ್ನೇ ಬಿಡದಿರುವುದು. ಮುಚ್ಚಿದ ಕೋಶಗಳ ಪಫ್ಫನ್ನು ಸಿಂಪಡಿಸಿದಾಗ ಅದು ಉಬ್ಬಿ ಪತ್ರಾಕ್ಕೆ ನೇರವಾಗಿ ಅಂಟಿಕೊಳ್ಳುತ್ತದೆ, ಮತ್ತು ತಾನೇ ಆವಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ಗ್ಲಾಸ್‌ವುಲ್ ಅಗ್ಗ, ಬೆಂಕಿಗೂ ಹೆದರುವುದಿಲ್ಲ; ಆದರೆ ಅದರ ಎಳೆಗಳ ನಡುವೆ ಗಾಳಿ ಓಡಾಡುತ್ತದೆ, ಒಮ್ಮೆ ನೀರು ಹಿಡಿದರೆ ತೂಕಕ್ಕೆ ಕುಸಿದು ಗೋಡೆಯ ಮೇಲ್ಭಾಗ ಬರಿದಾಗುತ್ತದೆ. ಅಲುಗಾಡುವ ವಾಹನಕ್ಕೆ ನಾನು ಅದನ್ನು ಸೂಚಿಸುವುದಿಲ್ಲ.

ಸಿಂಪಡಿಸುವ ಮೊದಲಿನ ಕೆಲಸವೇ ಹೆಚ್ಚು ದಿನ ಹಿಡಿಯಿತು. ನೆಲದ ಹಳೆಯ ಪ್ಲೈವುಡ್ಡು ಕಿತ್ತು, ಕೊರೆದುಹೋದ ಪತ್ರಾ ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿ, ಉಳಿದ ತುಕ್ಕನ್ನು ಗ್ರೈಂಡರಿಗೆ ತಂತಿಬ್ರಶ್ ಹಾಕಿ ತಿಕ್ಕಿ, ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ ಬಳಿದು, ಸತುವಿನ ಪ್ರೈಮರ್ ಹೊಡೆಯಲಾಯಿತು. ಸಡಿಲ ತುಕ್ಕಿನ ಮೇಲೆ ಫೋಮ್ ಸಿಂಪಡಿಸಿದರೆ ಅದು ತುಕ್ಕಿಗೆ ಅಂಟಿಕೊಳ್ಳುತ್ತದೆ, ಪತ್ರಾಕ್ಕಲ್ಲ. ಚೌಕಟ್ಟು ಪೈಪುಗಳ ಮೇಲೆ ಒತ್ತು ಫೋಮಿನ ಪಟ್ಟಿಗಳನ್ನು ಅಂಟಿಸಿ, ಅವುಗಳ ಮೇಲೆ ಕಟ್ಟಿಗೆಯ ರಿಪೀಸು ಬಿಗಿದು, ಪ್ಲೈವುಡ್ಡನ್ನು ರಿಪೀಸಿಗೆ ಮಾತ್ರ ಸ್ಕ್ರೂ ಮಾಡಲಾಯಿತು. ಪ್ಲೈವುಡ್ಡಿನ ಸ್ಕ್ರೂ ಒಂದೂ ಪೈಪನ್ನು ಮುಟ್ಟದಂತೆ ಮಾಲೀಕರು ತಾವೇ ನಿಂತು ನೋಡಿಕೊಂಡರು. ಪಫ್ ಉರಿಯುವ ವಸ್ತು, ಉರಿದಾಗ ಹೈಡ್ರೋಜನ್ ಸಯನೈಡ್ ಸೇರಿದ ವಿಷದ ಹೊಗೆ ಬಿಡುತ್ತದೆ. ಅದಕ್ಕಾಗಿ ಒಲೆಯ ಹಿಂದೆ ಸಿಮೆಂಟ್ ಬೋರ್ಡ್ ಹಾಕಲಾಯಿತು, ಹಿಂಬದಿಯ ತುರ್ತು ಬಾಗಿಲನ್ನು ಹಾಗೆಯೇ ಉಳಿಸಿಕೊಂಡು ಮಂಚದ ಪಕ್ಕದಿಂದ ಅದು ಕೈಗೆಟಕುವಂತೆ ಮಾಡಲಾಯಿತು. ಕಪಾಟಿಗೆ ಜಾಗ ಸಾಲದೆಂದು ಈ ಬಾಗಿಲನ್ನು ಮುಚ್ಚುವವರನ್ನು ಕಂಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು.

ಬೆಳಗಾವಿಯಲ್ಲಿ ಹಿಮಾಚಲದ ಪರೀಕ್ಷೆ

ಡಿಸೆಂಬರ್-ಜನವರಿಯ ಬೆಳಗಿನ ಜಾವದಲ್ಲಿಯೂ ಬೆಳಗಾವಿಯ ಚಳಿ ಹತ್ತು-ಹದಿನೈದು ಡಿಗ್ರಿಗಿಂತ ಬಹಳ ಕೆಳಗೆ ಇಳಿಯುವುದಿಲ್ಲ. ಆದರೆ ಗೋಡೆ ನೋಡುವುದು ಒಳಗಿನ ಮತ್ತು ಹೊರಗಿನ ಉಷ್ಣತೆಯ ವ್ಯತ್ಯಾಸವನ್ನು ಮಾತ್ರ. ಹೊರಗೆ ಹಿಮ ತರಲಾಗದಿದ್ದರೆ ಒಳಗನ್ನು ಕಾಯಿಸಬಹುದು. ಎರಡು ಕಿಲೋವ್ಯಾಟಿನ ವಿದ್ಯುತ್ ಹೀಟರನ್ನು ಒಳಗಿಟ್ಟು, ಗಾಳಿ ಸಮನಾಗಿ ಬೆರೆಯಲು ಫ್ಯಾನು ಹಾಕಿ, ರಾತ್ರಿಯಿಡೀ ಬಿಟ್ಟು, ಸೂರ್ಯ ಹುಟ್ಟುವ ಮೊದಲು ಒಳಗಿನ ಮತ್ತು ಹೊರಗಿನ ಉಷ್ಣತೆಯನ್ನು ಅಳೆದೆವು. ವ್ಯತ್ಯಾಸ 22 ಡಿಗ್ರಿಗೆ ನಿಂತಿತ್ತು. ಅಂದರೆ ಡಿಗ್ರಿಗೆ 91 ವ್ಯಾಟ್ ನಷ್ಟ. ನಮ್ಮ ಲೆಕ್ಕ 75 ವ್ಯಾಟಿನ ಸುತ್ತ ಇತ್ತು.

ಹೆಚ್ಚುವರಿ ನಷ್ಟ ಎಲ್ಲಿಂದ ಎಂಬುದನ್ನು ಊದುಬತ್ತಿ ತೋರಿಸಿಕೊಟ್ಟಿತು. ಹೊಸ ಅಡ್ಡಗೋಡೆಯಲ್ಲಿ ವೈರುಗಳು ದಾಟುವ ರಂಧ್ರಗಳ ಬಳಿ, ಪ್ರಯಾಣಿಕರ ಬಾಗಿಲಿನ ಮಡಿಕೆಯಲ್ಲಿ, ಹಿಂದಿನ ಚಕ್ರದ ಗೂಡಿನ ಅಂಚಿನಲ್ಲಿ ಹೊಗೆ ಸೆಳೆದುಕೊಂಡು ಹೋಗುತ್ತಿತ್ತು. ಇವನ್ನು ಸೀಲು ಮಾಡಿ, ಬಾಗಿಲಿಗೆ ರಬ್ಬರ್ ಬೀಡಿಂಗ್ ಬದಲಾಯಿಸಿದ ಮೇಲೆ ವ್ಯತ್ಯಾಸ 25 ಡಿಗ್ರಿಗೆ ಏರಿತು, ನಷ್ಟ ಡಿಗ್ರಿಗೆ 80 ವ್ಯಾಟಿಗೆ ಇಳಿಯಿತು. ಅತಿ ಚಳಿಯ ದಿನ ಎರಡೂಕಾಲು ಕಿಲೋವ್ಯಾಟ್ ಸಾಕೆಂದು ಇದರಿಂದ ಖಚಿತವಾಯಿತು. ಹೀಟರ್ ಕೊಳ್ಳುವ ಮೊದಲು ಈ ಒಂದು ರಾತ್ರಿಯ ಪರೀಕ್ಷೆ ಮಾಡಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಅಗತ್ಯಕ್ಕಿಂತ ದೊಡ್ಡ ಡೀಸೆಲ್ ಹೀಟರ್ ಯಾವಾಗಲೂ ಸಣ್ಣ ಉರಿಯಲ್ಲಿಯೇ ಓಡಿ ಮಸಿ ಕಟ್ಟುತ್ತದೆ.

ಉರಿ, ಉಸಿರು, ಇಂಧನ

ಇದ್ದಿಲಿನ ಸಿಗಡಿಯನ್ನು ಮುಚ್ಚಿದ ಕೋಣೆಯಲ್ಲಿಟ್ಟುಕೊಂಡು ಮಲಗಿದವರು ಕಾರ್ಬನ್ ಮೊನಾಕ್ಸೈಡಿಗೆ ಸಿಕ್ಕಿ ಏಳದೇ ಹೋದ ಸುದ್ದಿ ಉತ್ತರದ ಗುಡ್ಡಗಾಡಿನಿಂದ ಪ್ರತಿ ಚಳಿಗಾಲದಲ್ಲಿಯೂ ಬರುತ್ತದೆ. ಈ ಬಸ್ಸಿಗೆ ಹಾಕಿದ್ದು ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ತೆಗೆದುಕೊಂಡು ಹೊಗೆಯನ್ನು ಹೊರಗೇ ಬಿಡುವ ಡೀಸೆಲ್ ಹೀಟರ್. ಒಳಗಿನ ಗಾಳಿಗೆ ಶಾಖ ಮಾತ್ರ ಸೇರುತ್ತದೆ, ಆವಿಯೂ ಸೇರುವುದಿಲ್ಲ. ಹಾಗಿದ್ದರೂ ಮಂಚದ ಬಳಿ ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಇದೆ. 2,000 ಮೀಟರ್ ಎತ್ತರದಲ್ಲಿ ಗಾಳಿ ಸುಮಾರು ಐದನೇ ಒಂದು ಭಾಗ ತೆಳುವಾಗಿರುವುದರಿಂದ ಹೀಟರಿನ ಇಂಧನ ಪಂಪಿನ ವೇಗವನ್ನು ಇಳಿಸಬೇಕು. ಇಳಿಸದಿದ್ದರೆ ಅರೆಬೆಂದ ಡೀಸೆಲ್ ಮಸಿಯಾಗುತ್ತದೆ. ಒಂದು ಲೀಟರ್ ಡೀಸೆಲಿನಿಂದ ಉಪಯೋಗಕ್ಕೆ ಬರುವ ಶಾಖ ಎಂಟು ಯೂನಿಟ್ ಎಂದು ಹಿಡಿದರೆ ಅತಿ ಚಳಿಯ ದಿನದ ಖರ್ಚು ಏಳು ಲೀಟರಿನ ಒಳಗೆ ಬರುತ್ತದೆ. ಬಿಸಿಲಿರುವ ದಿನ ಅದಕ್ಕಿಂತ ಬಹಳ ಕಡಿಮೆ.

ಸಾಮಾನ್ಯ ಡೀಸೆಲಿನಲ್ಲಿರುವ ಮೇಣ ಕಡು ಚಳಿಯಲ್ಲಿ ಗಟ್ಟಿಯಾಗಿ ಫಿಲ್ಟರನ್ನು ಕಟ್ಟಿಸುತ್ತದೆ. ಲಡಾಖಿಗಾಗಿ ಇಂಡಿಯನ್ ಆಯಿಲ್ 2019ರಲ್ಲಿ ಶೂನ್ಯಕ್ಕಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲ್ ತಂದದ್ದು ಇದೇ ಕಾರಣಕ್ಕೆ. ಇವರು ಬೆಳಗಾವಿಯಲ್ಲಿ ತುಂಬಿಸಿದ ಡೀಸೆಲ್ ದಾರಿಯಲ್ಲಿಯೇ ಖಾಲಿಯಾಗುವಂತೆ ನೋಡಿಕೊಂಡು, ಬೆಟ್ಟ ಹತ್ತಿದ ಮೇಲೆ ಅಲ್ಲಿನ ಪಂಪಿನಲ್ಲಿ ತುಂಬಿಸಿದರು. ನಮ್ಮ ಕಡೆ ರೇಡಿಯೇಟರಿಗೆ ಬರಿಯ ನೀರು ಹಾಕಿ ಓಡಿಸುವ ಅಭ್ಯಾಸ ಹಲವರಿಗಿದೆ. ನೀರು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ಶೇಕಡಾ 9ರಷ್ಟು ಹಿಗ್ಗಿ ಎಂಜಿನ್ ಬ್ಲಾಕನ್ನೇ ಸೀಳಬಲ್ಲದು. ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಬೆರೆಸಿದರೆ ಶೂನ್ಯಕ್ಕಿಂತ 35 ಡಿಗ್ರಿ ಕೆಳಗಿನವರೆಗೂ ಭಯವಿಲ್ಲ. ಏರ್ ಬ್ರೇಕಿನ ಟ್ಯಾಂಕುಗಳ ನೀರನ್ನು ದಿನವೂ ಬಸಿಯಬೇಕು ಎಂಬುದನ್ನು ಸೈನ್ಯದಲ್ಲಿದ್ದ ಮಾಲೀಕರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಲಿಥಿಯಂ ಬ್ಯಾಟರಿಯನ್ನು ಶೂನ್ಯಕ್ಕಿಂತ ಕೆಳಗೆ ಚಾರ್ಜ್ ಮಾಡಬಾರದಾದ್ದರಿಂದ ಅದು ಮಂಚದ ಕೆಳಗೆ, ಬೆಚ್ಚಗಿನ ಕಡೆ ಇದೆ. ಅನಿಲದ ಸಿಲಿಂಡರಿಗೆ ಹೊರಗಿನಿಂದ ತೆರೆಯುವ ಪ್ರತ್ಯೇಕ ಗೂಡು ಮಾಡಿ, ಗೂಡಿನ ತಳದಲ್ಲಿ ರಂಧ್ರ ಬಿಡಲಾಗಿದೆ, ಏಕೆಂದರೆ ಸೋರಿದ ಅನಿಲ ಗಾಳಿಗಿಂತ ಭಾರವಾಗಿ ಕೆಳಗೇ ನಿಲ್ಲುತ್ತದೆ.

ಮೊದಲ ಚಳಿಗಾಲ

ಶಾಖದ ವಿಷಯದಲ್ಲಿ ದೂರು ಬರಲಿಲ್ಲ. ತೇವ ಎರಡು ಕಡೆ ಕಾಣಿಸಿಕೊಂಡಿತು. ಕಿಟಕಿಗಳಿಗೆ ಜೋಡಿ ಗಾಜಿದ್ದರೂ ಅಲ್ಯುಮಿನಿಯಂ ಚೌಕಟ್ಟು ಒಳಗಿನಿಂದ ಹೊರಗಿನವರೆಗೆ ಒಂದೇ ತುಂಡಾಗಿದ್ದುದರಿಂದ ಅದರ ಮೇಲೆ ಬೆಳಿಗ್ಗೆ ನೀರು ನಿಲ್ಲುತ್ತಿತ್ತು; ಚೌಕಟ್ಟನ್ನು ಬದಲಿಸುವವರೆಗೆ ದಿನವೂ ಒರೆಸುವುದೇ ದಾರಿ. ಎರಡನೆಯದು ಮಂಚ. ಗಾದಿಯ ಕೆಳಗಿನ ಪ್ಲೈವುಡ್ಡು ಮಲಗಿದವರ ಮೈಯ ಆವಿಯನ್ನು ಹೊರಗೆ ಬಿಡದೆ, ಕೆಳಗೆ ಹಾಸಿದ ಕೌದಿ ಒದ್ದೆಯಾಗಿ ಕಮಟು ವಾಸನೆ ಹಿಡಿಯಿತು. ಪ್ಲೈವುಡ್ಡು ತೆಗೆದು, ನಡುವೆ ಸಂದಿ ಬಿಟ್ಟು ಕಟ್ಟಿಗೆಯ ಪಟ್ಟಿಗಳನ್ನು ಜೋಡಿಸಿದ ಮೇಲೆ ಅದು ನಿಂತಿತು.

ಅಡುಗೆಯ ಆವಿಯನ್ನು ನಿಭಾಯಿಸಿದ ಶ್ರೇಯ ಪೂರ್ತಿಯಾಗಿ ಅಕ್ಕೋರಿಗೆ, ಅಂದರೆ ಶಿಕ್ಷಕಿಯಾಗಿದ್ದ ಮಾಲೀಕರ ಪತ್ನಿಗೆ, ಸೇರಬೇಕು. ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನನ್ನು ಹಾಕದೆ ಒಲೆ ಹಚ್ಚುವುದಿಲ್ಲ ಎಂಬ ನಿಯಮವನ್ನು ಅವರು ಹಿಮ ಬೀಳುವಾಗಲೂ ಮುರಿಯಲಿಲ್ಲ. ಫ್ಯಾನು ಬೆಚ್ಚಗಿನ ಗಾಳಿಯನ್ನು ಹೊರಗೆ ಹಾಕುವುದನ್ನು ಕಂಡು ಯಜಮಾನರಿಗೆ ಡೀಸೆಲ್ ಹಾಳಾದಂತೆ ಅನಿಸುತ್ತಿತ್ತಂತೆ. ವಾಸ್ತವದಲ್ಲಿ, ಗಂಟೆಗೊಮ್ಮೆ ಒಳಗಿನ ಗಾಳಿ ಪೂರ್ತಿ ಬದಲಾದರೂ ಅತಿ ಚಳಿಯ ದಿನ ಅದರಿಂದಾಗುವ ನಷ್ಟ 300 ವ್ಯಾಟ್ ಮಾತ್ರ, ಮತ್ತು ಒಣಗಿದ ಗೋಡೆಗಾಗಿ ಕೊಡುವ ಬೆಲೆಯೆಂದು ನೋಡಿದರೆ ಅದು ತೀರ ಅಗ್ಗ. ಜನವರಿಯ ಕಡು ಚಳಿಯ ವಾರಗಳಿಗೆಂದು ಅವರು ಊರಿನಿಂದಲೇ ಖಡಕ್ ರೊಟ್ಟಿಯನ್ನು ಕಟ್ಟಿಕೊಂಡು ಹೋಗಿದ್ದರು. ಆ ವಾರಗಳಲ್ಲಿ ಒಲೆ ಉರಿದ ಹೊತ್ತೂ ಕಡಿಮೆ, ಕಿಟಕಿಯ ನೀರೂ ಕಡಿಮೆ.

ಬಸ್ಸು ಬೆಳಗಾವಿಗೆ ಮರಳಿದ ಮೇಲೆ ನಾವು ಗೋಡೆಯನ್ನು ತೆರೆದು ನೋಡಿದೆವು. ಇದಕ್ಕೆಂದೇ ಒಳಗಿನ ಪ್ಲೈವುಡ್ಡಿನಲ್ಲಿ ನಾಲ್ಕು ಕಡೆ, ಎರಡು ಕಿಟಕಿಗಳ ಕೆಳಗೆ, ಚಕ್ರದ ಗೂಡಿನ ಪಕ್ಕದಲ್ಲಿ ಮತ್ತು ಸ್ನಾನದ ಮೂಲೆಯ ಹಿಂದೆ, ಬಿಚ್ಚಿ ಹಾಕಬಹುದಾದ ಮುಚ್ಚಳಗಳನ್ನು ಮೊದಲೇ ಇಟ್ಟಿದ್ದೆವು. ಮೂರು ಕಡೆ ಪಫ್ ಪತ್ರಾಕ್ಕೆ ಬಿಗಿಯಾಗಿಯೇ ಅಂಟಿತ್ತು, ಒಣಗಿತ್ತು. ಚಕ್ರದ ಗೂಡಿನ ಪಕ್ಕದಲ್ಲಿ ಮಾತ್ರ ಫೋಮ್ ಬೆರಳಗಲದಷ್ಟು ಬಿಟ್ಟುಕೊಂಡು ಅದರ ಹಿಂದೆ ತುಕ್ಕಿನ ಗೆರೆ ಮೂಡಿತ್ತು. ಅಲ್ಲಿನ ಫೋಮ್ ಕತ್ತರಿಸಿ, ಪತ್ರಾ ಉಜ್ಜಿ, ಪ್ರೈಮರ್ ಹೊಡೆದು ಮತ್ತೆ ಸಿಂಪಡಿಸಲಾಗಿದೆ. ಗೂಡಿನ ಹೊರಮೈಗೆ ಕಲ್ಲು ಬಡಿದು ಪತ್ರಾ ಅದುರದಂತೆ ದಪ್ಪ ರಬ್ಬರ್ ಹಾಳೆ ಅಂಟಿಸಲಾಗಿದೆ. ಮುಂದಿನ ನವೆಂಬರಿಗೆ ಬಸ್ಸು ಹೊರಡುವ ಮೊದಲು, ಮಳೆಗಾಲ ಮುಗಿದ ಕೂಡಲೇ, ಆ ಮುಚ್ಚಳವನ್ನು ಮತ್ತೆ ತೆರೆದು ನೋಡುವುದೆಂದು ನಿರ್ಧರಿಸಿದ್ದೇವೆ.